ಚಿಪ್ಪಿನೊಳಗಿನ ನೀರು ಚೆಲ್ಲಬೇಡ

ಪ್ರೀತಿಯ ಗೆಳೆಯಾ,

ಇಟಲಿಯ ನೇಪಲ್ಸಿನಲ್ಲಿ ತಿಂದ ಸ್ಪಾಗೆಟಿ ಅಲ್ಲೆ ವೊಂಗೊಲೆಯ, ಅಂದರೆ ಚಿಪ್ಪುಮೀನು ಹಾಕಿದ ಉದ್ದೆಳೆ ಪಾಸ್ತಾದ ರುಚಿ ಮಂಗಳೂರಿಗೆ ಬಂದಮೇಲೂ ನಾಲಿಗೆ ಬಿಟ್ಟಿಲ್ಲ, ಮನೆಯಲ್ಲಿ ಮಾಡಿದರೆ ಮಾತ್ರ ತಟ್ಟೆಯ ತಳದಲ್ಲಿ ಸಪ್ಪೆ ನೀರು ನಿಲ್ಲುತ್ತದೆ, ಹಲ್ಲಿಗೆ ಮರಳು ಸಿಗುತ್ತದೆ ಅಂತ ಬರೆದಿದ್ದೀಯ. ಎರಡಕ್ಕೂ ಮದ್ದಿದೆ. ವೊಂಗೊಲೆ ಅಂದರೆ ನಮ್ಮ ಮರುವಾಯಿಯ ಬಳಗವೇ, ಕುಮಟಾ ಕಡೆಯವರ ಬಳಚು. ಇಟಲಿಯಲ್ಲೂ ಈಗ ಹೆಚ್ಚಾಗಿ ಮಾರುವುದು 1983ರಲ್ಲಿ ವೆನಿಸ್ಸಿನ ಹಿನ್ನೀರಿಗೆ ತಂದು ಬಿಟ್ಟ ಏಷ್ಯಾದ ಮನಿಲಾ ಜಾತಿ. ಹಾಗಾಗಿ ನಮ್ಮ ಮಾರ್ಕೆಟ್ಟಿನ ಮರುವಾಯಿ ಸಾಲದು ಅಂದುಕೊಳ್ಳಬೇಡ.

ಈ ಅಡುಗೆಯ ಜೀವವೆಲ್ಲ ಚಿಪ್ಪಿನೊಳಗಿನ ನೀರಿನಲ್ಲಿದೆ. ನಮ್ಮ ಒಣ ಪಲ್ಯದಂಥ ಸುಕ್ಕ ಮಾಡುವಾಗ ಕತ್ತಿಮಣೆಯಲ್ಲಿ ಹಸಿಯಾಗಿಯೇ ಬಿಡಿಸಿ ಒಂದು ಬದಿಯ ಚಿಪ್ಪು ಎಸೆಯುತ್ತೇವೆ. ಆ ನೀರು ಸೋರಿದರೂ ತೆಂಗಿನಕಾಯಿ ಮಸಾಲೆ ಕೈಹಿಡಿಯುತ್ತದೆ. ಇಲ್ಲಿ ಮಸಾಲೆಯೇ ಇಲ್ಲ, ಅದಕ್ಕೇ ಚಿಪ್ಪು ಬಾಣಲೆಯಲ್ಲಿಯೇ ಬಾಯಿ ಬಿಡಬೇಕು.

ಇಬ್ಬರಿಗೆ 200 ಗ್ರಾಂ ಸ್ಪಾಗೆಟಿ, ಚಿಪ್ಪು ಸಮೇತ ಒಂದು ಕಿಲೋ ಮರುವಾಯಿ, ಐದು ದೊಡ್ಡ ಚಮಚ ಆಲಿವ್ ಎಣ್ಣೆ, ಬೆಳ್ಳುಳ್ಳಿ ಎರಡು ಎಸಳು, ಅರ್ಧ ಒಣಮೆಣಸು, ಸಿಹಿಯಿಲ್ಲದ ವೈಟ್ ವೈನ್ 80 ಮಿಲಿ, ಕೊತ್ತಂಬರಿಯಂತೆ ಕಾಣುವ ಪಾರ್ಸ್ಲಿ ಸೊಪ್ಪು ಒಂದು ಹಿಡಿ. ಪಾರ್ಸ್ಲಿ ಇಲ್ಲವೆಂದು ಕೊತ್ತಂಬರಿ ಹಾಕಬೇಡ, ಅದರ ಘಮ ಸಮುದ್ರದ ವಾಸನೆಯನ್ನು ಮುಚ್ಚಿಬಿಡುತ್ತದೆ.

ಮೊದಲು ಮರಳು. ನಲ್ಲಿನೀರಲ್ಲಿ ನೆನೆಹಾಕಿದರೆ ಮರುವಾಯಿ ಸಾಯುತ್ತದೆ, ಸತ್ತದ್ದು ಮರಳು ಕಕ್ಕುವುದಿಲ್ಲ. ಉಪ್ಪುನೀರೇ ಬೇಕು. ಸಮುದ್ರದ ಚಿಪ್ಪಾದರೆ ಲೀಟರಿಗೆ 35 ಗ್ರಾಂ ಕಲ್ಲುಪ್ಪು. ನಮ್ಮದು ಅಳಿವೆಯದ್ದು, 25 ಗ್ರಾಂ ಸಾಕು, ಉಪ್ಪು ಹೆಚ್ಚಾದರೆ ಬಾಯಿ ಮುಚ್ಚಿ ಕೂರುತ್ತದೆ. ತೂತಿನ ಬುಟ್ಟಿಯಲ್ಲಿ ಹರಡಿ, ಬುಟ್ಟಿಯನ್ನು ಪಾತ್ರೆಯ ತಳಕ್ಕೆ ತಾಗದಂತೆ ಇಡು. ಇಲ್ಲದಿದ್ದರೆ ಕಕ್ಕಿದ ಮರಳನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕತ್ತಲಲ್ಲಿ, ತಂಪಿನಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ನೀರು ಬದಲಿಸು. ಸ್ವಲ್ಪ ಹೊತ್ತಿಗೆ ಪುಟ್ಟ ಕೊಳವೆಗಳು ಹೊರಚಾಚಿ ನೀರು ಚಿಮ್ಮುವುದು ಕಾಣುತ್ತದೆ.

ಆಮೇಲೆ ನೇಪಲ್ಸಿನವರು ಮಾಡುವ ಹಾಗೆ ಒಂದೊಂದನ್ನೂ ಮರದ ಹಲಗೆಗೆ ಕುಟ್ಟು. ಕೆಲಸ ಬೇಸರದ್ದು, ಆದರೆ ಬಿಡಬೇಡ. ಒಳಗೆ ಮಾಂಸವಿಲ್ಲದೆ ಕೆಸರು ತುಂಬಿದ ಚಿಪ್ಪು ಕುಟ್ಟಿದ ತಕ್ಷಣ ಬಾಯಿ ತೆರೆದು ಕಪ್ಪು ಮರಳು ಉದುರಿಸುತ್ತದೆ. ಅಂಥ ಒಂದೇ ಒಂದು ಒಳಗೆ ಸೇರಿದರೂ ಬಾಣಲೆಯಷ್ಟೂ ಹಾಳು. ತೆರೆದಿದ್ದು ತಟ್ಟಿದರೂ ಮುಚ್ಚದ್ದನ್ನು, ಚಿಪ್ಪು ಒಡೆದದ್ದನ್ನು ಎಸೆ.

ಅಗಲ ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ತಣ್ಣಗಿರುವಾಗಲೇ ಜಜ್ಜಿದ ಬೆಳ್ಳುಳ್ಳಿ, ಮೆಣಸು ಹಾಕಿ ಸಣ್ಣ ಉರಿಯಿಡು. ಬೆಳ್ಳುಳ್ಳಿ ತಿಳಿ ಹೊಂಬಣ್ಣಕ್ಕೆ ಬಂದರೆ ತೆಗೆದುಬಿಡು. ಕಂದಾದರೆ ಕಹಿ, ಎಣ್ಣೆ ಚೆಲ್ಲಿ ಮೊದಲಿಂದ ಶುರುಮಾಡುವುದೇ ವಾಸಿ. ಉರಿ ಜೋರು ಮಾಡಿ ಮರುವಾಯಿ ಹಾಕು, ವೈನ್ ಸುರಿ, ಅರ್ಧ ನಿಮಿಷ ಬಿಟ್ಟು ಮುಚ್ಚು. ಮೂರ್ನಾಲ್ಕು ನಿಮಿಷಕ್ಕೆ ಬಾಯಿ ಬಿಡುತ್ತವೆ. ಇಟಲಿಯಲ್ಲಿ ಚಿಪ್ಪು ಶುದ್ಧೀಕರಣ ಕೇಂದ್ರದ ಚೀಟಿಯೊಂದಿಗೆ ಬಲೆಚೀಲದಲ್ಲಿ ಬರುತ್ತದೆ, ಅದಕ್ಕೇ ಅವರು ಆ ಕ್ಷಣಕ್ಕೇ ಇಳಿಸುತ್ತಾರೆ. ನಮ್ಮಲ್ಲಿ ಹೊಳೆಯಿಂದ ನೇರ ಮಾರ್ಕೆಟ್ಟಿಗೆ. ನೀನು ಬಾಯಿ ಬಿಟ್ಟಮೇಲೂ ಮೂರು ನಿಮಿಷ ಕುದಿಸು, ಮಾಂಸ ತುಸು ಗಟ್ಟಿಯಾದರೆ ಆಗಲಿ. ಬಾಯಿ ಬಿಡದ್ದನ್ನು ಬಿಸಾಡು.

ಮರುವಾಯಿ ಬೇರೆ ತೆಗೆದಿಟ್ಟು ಅರ್ಧದಷ್ಟರ ಚಿಪ್ಪು ಬಿಡಿಸು. ಬಾಣಲೆಯಲ್ಲಿ ಉಳಿದ ಬೂದುಬಣ್ಣದ ನೀರನ್ನು ತೆಳು ಬಟ್ಟೆಯಲ್ಲಿ ಸೋಸು, ತಳದ ಮರಳಿರುವ ಕೊನೆಯ ಒಂದು ಚಮಚವನ್ನು ಮಾತ್ರ ಚೆಲ್ಲಿ ಬಾಣಲೆ ಒರೆಸಿಡು. ಸೋಸಿದ್ದನ್ನು ನಾಲಿಗೆಗೆ ಹಚ್ಚಿ ನೋಡು, ಸಾಕಷ್ಟು ಉಪ್ಪಿರುತ್ತದೆ. ಅದಕ್ಕೇ ಪಾಸ್ತಾ ಬೇಯಿಸುವ ಎರಡು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಸಾಕು, ಎಂದಿನ ಅರ್ಧ.

ಈಗ ನಿನ್ನ ಸಪ್ಪೆ ನೀರಿನ ವಿಷಯ. ನೀನು ಪಾಸ್ತಾ ಪೂರ್ತಿ ಬೇಯಿಸಿ ಮೇಲೆ ಸಾಸ್ ಸುರಿದಿರಬೇಕು. ಬೆಂದು ಮುಗಿದ ಪಾಸ್ತಾ ಸಾಸನ್ನು ಅಷ್ಟಾಗಿ ಹೀರುವುದಿಲ್ಲ. ಪ್ಯಾಕೆಟ್ಟಿನಲ್ಲಿ 10 ನಿಮಿಷ ಅಂತಿದ್ದರೆ ಏಳಕ್ಕೇ ಎತ್ತಿ ಬಾಣಲೆಗೆ ಹಾಕು, ಸೋಸಿದ ನೀರು ಸೇರಿಸು, ಉಳಿದ ಮೂರು ನಿಮಿಷ ಅದರಲ್ಲಿಯೇ ಬೇಯಲಿ. ಒಣಗಿತು ಅನಿಸಿದಾಗ ಪಾಸ್ತಾ ಬೆಂದ ನೀರು ಅರ್ಧ ಸೌಟು ಹಾಕುತ್ತಾ ಬಿಡದೆ ತಿರುಗಿಸು. ಪಾಸ್ತಾದಿಂದ ಬಿಟ್ಟ ಗಂಜಿಯೇ ಎಣ್ಣೆಯನ್ನೂ ನೀರನ್ನೂ ಕೂಡಿಸುವುದು. ಪ್ಯಾಕೆಟ್ಟಿನ ಮೇಲೆ ‘ಟ್ರಾಫಿಲಾಟಾ ಅಲ್ ಬ್ರೊಂಜೊ’ ಅಂತಿದ್ದರೆ ಅದನ್ನೇ ತೆಗೆದುಕೋ. ಕಂಚಿನ ಅಚ್ಚಿನಲ್ಲಿ ಒತ್ತಿದ್ದು ಮುಟ್ಟಿದರೆ ತರಿತರಿ, ಗಂಜಿ ಚೆನ್ನಾಗಿ ಬಿಡುತ್ತದೆ. ನೇಪಲ್ಸಿನ ಪಕ್ಕದ ಗ್ರಾನ್ಯಾನೊ ಊರಿನದು ಇದಕ್ಕೇ ಹೆಸರುವಾಸಿ.

ಒಲೆ ಆರಿಸಿ, ಮರುವಾಯಿ ಹಾಕಿ, ಉಳಿದ ಎರಡು ಚಮಚ ಹಸಿ ಎಣ್ಣೆ ಸುರಿದು ಅರ್ಧ ನಿಮಿಷ ಜೋರಾಗಿ ಕಲಸು. ಬಾಣಲೆ ಓರೆ ಮಾಡಿ ನೋಡು: ತಿಳಿನೀರು ಓಡಿ ಬಂದರೆ ಇನ್ನೂ ಆಗಿಲ್ಲ, ಹಾಲಿನಂತೆ ಮಂದವಾಗಿ ಎಳೆಗಳಿಗೆ ಅಂಟಿಕೊಂಡೇ ಜಾರಿದರೆ ಆಯಿತು. ಪಾರ್ಸ್ಲಿ ಉದುರಿಸು. ಚೀಸ್ ಬೇಡ, ಕ್ರೀಮ್ ಅಂತೂ ಬೇಡವೇ ಬೇಡ. ನಾಲ್ಕೈದು ಪುಟ್ಟ ಟೊಮೆಟೊ ಹಾಕುವವರು ನೇಪಲ್ಸಿನಲ್ಲೂ ಇದ್ದಾರೆ, ಆದರೆ ಮೊದಲ ಸಲ ಅದಿಲ್ಲದೆ ಮಾಡು.

ತಟ್ಟೆ ಮೊದಲೇ ಬಿಸಿ ಮಾಡಿಟ್ಟು, ಎಲ್ಲರೂ ಕೂತಮೇಲೆಯೇ ಬಡಿಸು. ಐದು ನಿಮಿಷ ಕಾದರೂ ಅಂಟು ಮುದ್ದೆಯಾಗುತ್ತದೆ. ಮಾಡಿದಮೇಲೆ ಬರೆ, ತಳದಲ್ಲಿ ನೀರು ನಿಂತಿತೋ ಇಲ್ಲವೋ ಅದನ್ನು ಮೊದಲು ಹೇಳು.

ಇಂತಿ,
ನಿನ್ನ ಗೆಳೆಯ