ಗೋವಾದ ದಿವಾರ್ ದ್ವೀಪದಲ್ಲಿರುವ ಸುಮಾಳಿಗೆ

ಡೊಂಬಿವಲಿ
ಚೌತಿ ಮುಗಿದ ವಾರ

ಪ್ರೀತಿಯ ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ. "ಇಲ್ಲಿ ಇರೋಕೆ ಆಗಲ್ಲ ಅತ್ತೆ, ಪಣಜಿಯಲ್ಲೋ ಫೋಂಡಾದಲ್ಲೋ ಒಂದು ಫ್ಲಾಟ್ ನೋಡ್ತೇವೆ" ಅಂದೆ. ಆಗ ನಾನು ಜಾಸ್ತಿ ಮಾತಾಡಲಿಲ್ಲ. ಎರಡು ದಿನ ಅದನ್ನೇ ಯೋಚನೆ ಮಾಡಿ ಈಗ ಬರೆಯಲು ಕುಳಿತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನೀನು ದಿವಾರ್‌ನಲ್ಲೇ ಇರಬೇಕು ಎಂದು ಒತ್ತಾಯಿಸಲು ಈ ಕಾಗದ ಬರೆಯುತ್ತಿಲ್ಲ. ಬಿಡುವುದಾದರೆ ಬಿಡು. ಆದರೆ ಯಾವ ಕಾರಣಕ್ಕೆ ಬಿಡುತ್ತಿದ್ದೀಯ ಎನ್ನುವುದು ನಿನಗೆ ಸ್ಪಷ್ಟ ಇರಲಿ. ಫೆರಿಗೆ ಕಾಯಬೇಕು, ಬಟ್ಟೆ ಒಣಗುವುದಿಲ್ಲ, ಕರೆಂಟ್ ಹೋಗ್ತದೆ, ಸಂಜೆಯಾದರೆ ಒಂದು ಅಂಗಡಿ ತೆರೆದಿರುವುದಿಲ್ಲ, ರಾತ್ರಿ ಮೌನಕ್ಕೆ ಹೆದರಿಕೆ ಆಗ್ತದೆ, ಗೋಡೆಗೆ ಬೂಸು ಬಂದಿದೆ, ಪುಟ್ಟಿಗೆ ಉಬ್ಬಸ. ಇಷ್ಟನ್ನೂ ನೀನು ಒಂದೇ ಉಸಿರಿನಲ್ಲಿ ಹೇಳಿದೆ. ಇವೆಲ್ಲ ಒಂದೇ ಜಾತಿಯ ಕಷ್ಟ ಅಲ್ಲ ಮಗಳೇ. ಕೆಲವು ನಿನಗೆ ರೂಢಿ ಇಲ್ಲದ್ದಕ್ಕೆ ಕಷ್ಟ. ಕೆಲವು ಯಾರಿಗಾದರೂ ಕಷ್ಟವೇ. ಎರಡನ್ನೂ ಬೇರೆ ಮಾಡಿ ನೋಡು ಅನ್ನುವುದಷ್ಟೇ ನನ್ನ ಮಾತು.

ನೀನು ಬೆಳೆದದ್ದು ಮುಂಬೈ ಪಕ್ಕದ ಈ ಡೊಂಬಿವಲಿಯಲ್ಲಿ. ಕಾಲೇಜಿಗೆ ಹೋಗುವಾಗ ಬೆಳಗಿನ ಲೋಕಲ್‌ನಲ್ಲಿ ಹೇಗೆ ಹತ್ತುತ್ತಿದ್ದೆ ನೆನಪಿದೆಯಾ? ಹತ್ತುವುದೇನು, ಹಿಂದಿನವರು ನೂಕಿದರೆ ಒಳಗೆ ಹೋಗಿರುತ್ತಿದ್ದೆ. ಮುಂಬೈ ಲೋಕಲ್‌ನಲ್ಲಿ ನೂಕುನುಗ್ಗಲಿನ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆ ಎಂದು ರೈಲ್ವೆಯವರೇ ಲೆಕ್ಕ ಹಾಕಿದ್ದಾರೆ. ಆ ಒತ್ತಿನಲ್ಲಿ ಹೋಗಿ ಬಂದು, ಕೈಕಾಲು ತೊಳೆದು, ನೀನು ಓದಲು ಕೂರುತ್ತಿದ್ದೆ. ಒಂದು ದಿನವೂ ಅದನ್ನು ಕಷ್ಟ ಎಂದದ್ದು ನನಗೆ ಗೊತ್ತಿಲ್ಲ. ಈಗ ಹಳೆ ಗೋವಾದ ಫೆರಿ ಧಕ್ಕೆಯಲ್ಲಿ ಗಾಳಿಗೆ ನಿಂತು ಮಾಂಡವಿ ಹೊಳೆ ದಾಟಲು ಸ್ವಲ್ಪ ಹೊತ್ತು ಕಾಯುವುದು ನಿನ್ನ ಜೀವ ಹಿಂಡುತ್ತದೆ. ಬೈಯುತ್ತಿಲ್ಲ. ಕಾಯುವುದು ನಿನಗೆ ಹೊಸದು, ನೂಕುನುಗ್ಗಲು ಹಳೆಯದು, ಅಷ್ಟೇ.

ನನ್ನದು ತಿರುಗುಮುರುಗು. ಅಘನಾಶಿನಿ ಸಮುದ್ರ ಸೇರುವ ಕಡೆ ಕುರ್ವೆಯ ಮೇಲೆ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ ಹುಟ್ಟಿದವಳು ನಾನು, ನನ್ನ ಒಡಹುಟ್ಟಿದ ನಿನ್ನಪ್ಪನೂ ಅಲ್ಲಿಯವನೇ. ಅವನು ನಿನಗೆ ಅದರ ಕತೆ ಹೇಳಿದ್ದು ಕಡಿಮೆ. ನಾಲ್ಕೂ ಕಡೆ ನೀರು, ಒಂದು ಬೆಂಕಿಪೆಟ್ಟಿಗೆ ಬೇಕಾದರೂ ದೋಣಿ. ಶಾಲೆಗೆ ದೋಣಿ, ಮದುವೆ ದಿಬ್ಬಣಕ್ಕೆ ದೋಣಿ. ಉಬ್ಬರ ಯಾವಾಗ, ಇಳಿತ ಯಾವಾಗ ಎನ್ನುವುದು ಗಡಿಯಾರ ನೋಡಲು ಕಲಿಯುವ ಮೊದಲೇ ಗೊತ್ತಿತ್ತು. ಆಚೆ ದಡದವರು "ಪಾಪ, ಹೊಳೆ ನಡುವೆ ಹೇಗಿರ್ತೀರೋ" ಅನ್ನುತ್ತಿದ್ದರು. ಅವರು ಯಾಕೆ ಪಾಪ ಅನ್ನುತ್ತಾರೆ ಎನ್ನುವುದೇ ನಮಗೆ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ಮುಂಬೈಯ ಗಿರ್ಗಾಂವ್‌ನ ಚಾಳಿಗೆ ಬಂದೆ. ಒಂದು ಕೋಣೆ, ಒಂದು ಅಡುಗೆ ಮೂಲೆ, ಮಹಡಿಗೆಲ್ಲ ಸೇರಿ ಪಾಯಿಖಾನೆ. ಜನ ಅಂದುಕೊಳ್ಳುವಂತೆ ಪಾಯಿಖಾನೆಯ ಸಾಲು ನನಗೆ ದೊಡ್ಡ ಕಷ್ಟ ಆಗಲಿಲ್ಲ. ಅತ್ತು ಕರೆದದ್ದು ಬೇರೆಯದಕ್ಕೆ. ತೆಂಗಿನಕಾಯಿಗೆ ದುಡ್ಡು ಕೊಡಬೇಕಲ್ಲ ಅಂತ ಅತ್ತೆ. ಬಾಗಿಲು ತೆರೆದರೆ ಆಕಾಶ ಕಾಣುವುದಿಲ್ಲ ಅಂತ ಅತ್ತೆ. ನನ್ನ ಅತ್ತೆಯವರು ಅದೇ ಚಾಳಿನಲ್ಲಿ ಹುಟ್ಟಿ ಬೆಳೆದವರು. ಈ ಹುಡುಗಿಗೆ ಏನು ಕಡಿಮೆಯಾಗಿದೆ ಎಂದು ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಟ್ರಾಮ್ ಓಡುತ್ತಿದ್ದ ಕಾಲದಿಂದ ಆ ಬೀದಿಯ ಸದ್ದಿನಲ್ಲೇ ಮಲಗಿ ಎದ್ದವರು ಅವರು. ನಮ್ಮೂರಿಗೆ ಒಂದು ಸಲ ಕರೆದುಕೊಂಡು ಹೋದಾಗ ಸದ್ದಿಲ್ಲದೆ ನಿದ್ದೆ ಬರಲಿಲ್ಲ ಅವರಿಗೆ.

ಆದರೆ ಆ ಚಾಳಿನಲ್ಲಿ ನನಗೆ ಸ್ವರ್ಗ ಅನಿಸಿದ್ದೊಂದಿತ್ತು. ನಲ್ಲಿ. ಬೆಳಗಿನ ಜಾವ ಸ್ವಲ್ಪ ಹೊತ್ತು ಬರುತ್ತಿತ್ತು. ಅಕ್ಕಪಕ್ಕದವರೆಲ್ಲ ನಿದ್ದೆಗಣ್ಣಲ್ಲಿ ಎದ್ದು ಗೊಣಗುತ್ತಾ ತುಂಬಿಸುತ್ತಿದ್ದರು. ನಾನು ಖುಷಿಯಿಂದ ಏಳುತ್ತಿದ್ದೆ. ಕುರ್ವೆಯಲ್ಲಿ ಚೈತ್ರ ಬಂತೆಂದರೆ ಬಾವಿ ನೀರು ಉಪ್ಪಾಗುತ್ತಿತ್ತು. ನಮ್ಮಮ್ಮ, ದೊಡ್ಡಮ್ಮ ಎಲ್ಲ ಕೊಡಗಳನ್ನು ದೋಣಿಗೆ ಹಾಕಿಕೊಂಡು ಆಚೆ ದಡದಿಂದ ಕುಡಿಯುವ ನೀರು ತರುತ್ತಿದ್ದರು. ಸುತ್ತ ನೀರು, ಕುಡಿಯಲು ನೀರಿಲ್ಲ. ಗಿರ್ಗಾಂವ್‌ನ ನಲ್ಲಿಯ ಬೆಲೆ ನನಗೆ ಗೊತ್ತಿದ್ದಷ್ಟು ಆ ಚಾಳಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಆಷಾಢದಲ್ಲಿ ನಿನ್ನ ಮನೆಯಲ್ಲಿದ್ದಾಗ ಫೆರಿಯಲ್ಲಿ ಒಬ್ಬಳು ಹೆಂಗಸು ಸಿಕ್ಕಿದ್ದಳಲ್ಲ, ಕಟ್ಟಡದ ಕೆಲಸಕ್ಕೆ ಬರುವವಳು, ವಿಜಯಪುರದ ಕಡೆಯವಳು. ನೀನು ಪುಟ್ಟಿಯನ್ನು ಹಿಡಿದುಕೊಂಡು ಆ ಕಡೆ ನಿಂತಿದ್ದೆ, ಮಾತು ಕೇಳಿಸಿರಲಿಕ್ಕಿಲ್ಲ. ನನ್ನ ಕನ್ನಡ ಕೇಳಿ ಹತ್ತಿರ ಬಂದಳು. ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಹೊಳೆ ದಾಟುವಾಗ ನೀರು ನೋಡುವುದೇ ಇಲ್ಲವಂತೆ, ಎದೆ ಹೊಡೆದುಕೊಳ್ಳುತ್ತದಂತೆ. ಈ ದ್ವೀಪದಲ್ಲಿ ಇರೋದು ಕಷ್ಟ ಅಲ್ವಾ ಎಂದು ಕೇಳಿದೆ. "ಏನ್ ಕಷ್ಟರೀ ಅಮ್ಮಾರ, ಎಲ್ಲಿ ನೋಡಿದ್ರೂ ಹಸಿರು, ಬಾವ್ಯಾಗ ನೀರೈತಿ. ನಮ್ಮೂರಾಗ ಬ್ಯಾಸಿಗ್ಯಾಗ ಒಂದು ಕೊಡಕ್ಕ ಹೊಲ ದಾಟಿ ಹೋಗಬೇಕ್ರಿ. ಮಳಿ ಒಂದು ಸಾಕಾಗೇತಿ ನೋಡ್ರಿ, ಅರಿವಿ ಒಣಗೂದು ಯಾವಾಗ?" ಅಂದಳು. ಅವಳೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಗೋವಾದಲ್ಲಿ 3000 ದಾಟುತ್ತದೆ. ಪಕ್ಕದಲ್ಲಿ ನಿಂತಿದ್ದ ಅವಳ ಮಗ, ಏಳೆಂಟು ವರ್ಷದವನು, ಕೊಂಕಣಿಯಲ್ಲಿ ಯಾರನ್ನೋ ಕೂಗುತ್ತಾ ಫೆರಿ ದಡ ಮುಟ್ಟುವ ಮೊದಲೇ ಇಳಿಯಲು ಓಡಿದ. ತಾಯಿ ಕಣ್ಣು ಮುಚ್ಚಿ ದಾಟುವ ಹೊಳೆಯನ್ನು ಮಗ ಅಂಗಳದ ಹಾಗೆ ದಾಟುತ್ತಾನೆ. ಒಂದೇ ಮನೆ, ಒಂದೇ ಹೊಳೆ.

ಇಲ್ಲಿಯವರೆಗೆ ಓದಿ, ಎಲ್ಲ ಅಭ್ಯಾಸದ ಮಾತು, ಹೊಂದಿಕೊಂಡು ಹೋಗು ಅನ್ನುತ್ತಾಳೆ ಅತ್ತೆ ಎಂದುಕೊಳ್ಳಬೇಡ. ಅಭ್ಯಾಸ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಿಜವಾದ ಕಷ್ಟವನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ಕುರ್ವೆಯಲ್ಲಿ ನಮ್ಮ ಚಿಕ್ಕಮ್ಮನಿಗೆ ರಾತ್ರಿ ಹೆರಿಗೆ ನೋವು ಬಂತು. ಇಳಿತದ ಹೊತ್ತು. ದೋಣಿ ಕೆಸರಿಗೆ ಕೂತಿತ್ತು. ನೀರು ಏರುವವರೆಗೆ ಗಂಡಸರು ದಡದಲ್ಲಿ ಲಾಟೀನು ಹಿಡಿದು ನಿಂತರು. ಮಗುವೂ ಉಳಿಯಲಿಲ್ಲ, ಚಿಕ್ಕಮ್ಮನೂ ಉಳಿಯಲಿಲ್ಲ. ಊರಿನವರು ದೇವರಿಚ್ಛೆ ಎಂದರು. ದೇವರಿಚ್ಛೆ ಅಲ್ಲ ಅದು. ಆಚೆ ದಡದಲ್ಲಿ ಹುಟ್ಟಿದವರು ಬಂದು ನೋಡಿದ್ದರೆ "ಇದಕ್ಕೊಂದು ದಾರಿ ಮಾಡಬೇಕು" ಅನ್ನುತ್ತಿದ್ದರೋ ಏನೋ. ನಾವು ಅದರಲ್ಲೇ ಹುಟ್ಟಿದವರು, ನಮಗೆ ಹೊಳೆ ಎಂದರೆ ಹೀಗೇ.

ಮುಂಬೈ ಕೂಡ ಹೀಗೇ ಕಣ್ಣು ಮುಚ್ಚಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ನಿನ್ನಪ್ಪ ಎದೆಯವರೆಗಿನ ನೀರಿನಲ್ಲಿ ನಡೆದು ಮರುದಿನ ಮನೆ ಸೇರಿದ. ಆಮೇಲೆ ಎಲ್ಲರೂ ಮುಂಬೈ ಜನರ ಛಲವನ್ನು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ನೀರು ಹರಿದು ಹೋಗಲು ಜಾಗ ಇಲ್ಲದ್ದನ್ನು ಯಾರೂ ಕೇಳದ ಹಾಗೆ ಮಾಡಿತು ಅದು. ಲೋಕಲ್‌ನ ಬಾಗಿಲಿನಿಂದ ಬಿದ್ದು ಪ್ರತಿ ವರ್ಷ ಜನ ಸಾಯುತ್ತಾರೆ. ಅದು ಇಲ್ಲಿ ಪೇಪರಿನ ಒಳಪುಟದ ಸುದ್ದಿ. ಹೊರಗಿನಿಂದ ಬಂದವರು ನೋಡಿ ಗಾಬರಿಯಾದರೆ "ಅಭ್ಯಾಸ ಆಗ್ತದೆ ಬಿಡಿ" ಎಂದು ನಾವು ಹೇಳುತ್ತೇವೆ. ಅಭ್ಯಾಸ ಆಗಬಾರದ್ದು ಅದು.

ಮುಂಬೈಯೂ ಏಳು ದ್ವೀಪಗಳ ಊರೇ, ಗೊತ್ತಲ್ಲ. ಬಾಂದ್ರಾದಿಂದ ಮಾಹಿಮ್‌ಗೆ ಒಂದು ಕಾಲದಲ್ಲಿ ದೋಣಿಯೇ ಗತಿ, ಮಳೆಗಾಲದಲ್ಲಿ ಆ ದಾಟುವಿಕೆ ಬಲು ಅಪಾಯದ್ದು. ಆವಾಬಾಯಿ ಜಮ್‌ಶೇಟ್‌ಜಿ ಎಂಬ ಪಾರ್ಸಿ ಹೆಂಗಸು ತನ್ನ ದುಡ್ಡು ಕೊಟ್ಟು ಅಲ್ಲಿ ರಸ್ತೆ ಕಟ್ಟಿಸಿದಳು. 1845ರಲ್ಲಿ ಅದು ಓಡಾಟಕ್ಕೆ ತೆರೆಯಿತು. ನಾವು ಇವತ್ತು ಟ್ಯಾಕ್ಸಿಯಲ್ಲಿ ಕೂತು ಬೈಯುವ ಮಾಹಿಮ್ ಕಾಸ್‌ವೇ ಅದೇ. ಎಲ್ಲರೂ ಒಪ್ಪಿಕೊಂಡು ಕೂತಿದ್ದ ಕಷ್ಟವನ್ನು ಅವಳು ಕಷ್ಟ ಎಂದಳು. ಅಂಥವರ ಮೇಲೆ ನನಗೆ ತುಂಬಾ ಗೌರವ. ನಿಮ್ಮ ದಿವಾರ್‌ನಲ್ಲಿ ಸೇತುವೆ ಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಬೇಡ ಅನ್ನುವವರನ್ನು ಹಿಂದುಳಿದವರು ಎಂದು ನೀನು ಫೋನಿನಲ್ಲಿ ಅಂದೆ. ಹಾಗನ್ನಬೇಡ. ಗಾಡಿಗಳ ಹಿಂದೆ ಏನೇನು ಬರುತ್ತದೆ ಎನ್ನುವುದನ್ನು ಅವರು ಆಚೆ ದಡದಲ್ಲಿ ನೋಡಿದ್ದಾರೆ. ನೀನು ಅಲ್ಲಿ ಬಂದು ಒಂದು ಮಳೆಗಾಲ ಆಗಿದೆ, ಅಭಿಪ್ರಾಯ ನಿಧಾನ ಇರಲಿ.

ದ್ವೀಪ ಎಂದರೆ ಮೂಲೆ ಎಂದೂ ತಿಳಿಯಬೇಡ. ಗೋವಾದ ಕದಂಬರು, ಈಗ ನೀನು ಹತ್ತುವ ಸರ್ಕಾರಿ ಬಸ್ಸಿಗೆ ಹೆಸರು ಕೊಟ್ಟವರು, ಅವರ ಕುಲದೇವರು ಸಪ್ತಕೋಟೇಶ್ವರನ ಗುಡಿ ಮೊದಲು ಇದ್ದದ್ದು ಇದೇ ದ್ವೀಪದಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ದೇವರು ಹೊಳೆಯಾಚೆ ನಾರ್ವೆ ಎಂಬ ಹಳ್ಳಿಗೆ ಹೋದ. ಶಿವಾಜಿ ಮಹಾರಾಜರು ಅಲ್ಲಿ ಮತ್ತೆ ಗುಡಿ ಕಟ್ಟಿಸಿದರು. ಇತ್ತ ಫೆರಿ ಬಿಡುವ ಹಳೆ ಗೋವಾ ಆ ಕಾಲಕ್ಕೆ ದೊಡ್ಡ ಪಟ್ಟಣ. ರೋಗಗಳು ಬಂದು ಬಂದು ಊರು ಖಾಲಿಯಾಯಿತು, 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಅನುಕೂಲದ ಊರು ಯಾವುದು, ಅನನುಕೂಲದ್ದು ಯಾವುದು ಎನ್ನುವುದು ಆ ಒಂದು ಹೊಳೆಯ ಎರಡು ದಡದಲ್ಲೇ ಎಷ್ಟು ಸಲ ಬದಲಾಗಿದೆ ನೋಡು.

ಈಗ ನಿನ್ನ ಮನೆಯ ವಿಷಯ.

ಪುಟ್ಟಿಯ ಉಬ್ಬಸ ನಿಜವಾದ ಕಷ್ಟ. ಬೂಸು ಹಿಡಿದ ಗೋಡೆಯೂ ಅದೂ ಬೇರೆ ಬೇರೆ ಅಲ್ಲ. ಇದನ್ನು ಹೊಂದಾಣಿಕೆಯ ಪಟ್ಟಿಗೆ ಹಾಕಬೇಡ. ಮಗು ಮಲಗುವ ಕೋಣೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಮನೆ ಯಜಮಾನರ ಹತ್ತಿರ ಕೇಳು. ಹಂಚು ಸರಿದಿದ್ದರೆ ಸರಿ ಮಾಡಿಸಲಿ. ಆ ಕೋಣೆಯಲ್ಲಿ ಒದ್ದೆ ಬಟ್ಟೆ ಹರಡುವುದನ್ನು ಇವತ್ತೇ ನಿಲ್ಲಿಸು. ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ಒಂದು ಸಲ ಸರಿಯಾಗಿ ತೋರಿಸು. ರಾತ್ರಿ ಉಸಿರು ಕಟ್ಟಿದರೆ ಮನೆಯಲ್ಲೇ ಮೊದಲು ಏನು ಕೊಡಬೇಕು ಎಂದು ಬರೆಸಿಕೊಂಡು ಬಾ, ಆ ಔಷಧಿ ಯಾವತ್ತೂ ಮನೆಯಲ್ಲಿ ಇರಲಿ. ಆಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಕೇಳು, ನಡುರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ನೀವು ಏನು ಮಾಡ್ತೀರಿ ಅಂತ. ಕೊನೆಯ ಫೆರಿ ಎಷ್ಟು ಹೊತ್ತಿಗೆ, ಅದು ಹೋದ ಮೇಲೆ ಯಾರನ್ನು ಎಬ್ಬಿಸಬೇಕು, ಯಾರ ಹತ್ತಿರ ಗಾಡಿ ಇದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ನಿನ್ನ ಮರಾಠಿ ಅವರಿಗೆ ಅರ್ಥ ಆಗ್ತದೆ, ಸಂಕೋಚ ಬೇಡ. ಇಷ್ಟು ಕೇಳಿಯೂ ನಿನಗೆ ಧೈರ್ಯ ಬರದಿದ್ದರೆ, ಡಾಕ್ಟರೂ ಈ ತೇವ ಆಗದು ಎಂದರೆ, ಬಿಟ್ಟು ಬಾ. ನಾನೇ ಬಂದು ಸಾಮಾನು ಕಟ್ಟಿಕೊಡುತ್ತೇನೆ. ಚಿಕ್ಕಮ್ಮನನ್ನು ನೋಡಿದವಳು ನಾನು.

ಉಳಿದವುಗಳಿಗೆ ಮಾತ್ರ ಒಂದು ಚಳಿಗಾಲ ಕೊಡು ಎಂದು ಕೇಳಿಕೊಳ್ಳುತ್ತೇನೆ. ಬರೀ ಮಳೆಗಾಲ ನೋಡಿ ಒಂದು ಊರನ್ನು ಅಳೆಯಬಾರದು. ಫೆರಿ ತಪ್ಪಿದರೆ ಇನ್ನೊಂದು ಬರುತ್ತದೆ. ಅಂಗಡಿ ಮುಚ್ಚಿದ್ದರೆ ಬೆಳಿಗ್ಗೆ ಬ್ರೆಡ್ ಮಾರುವ ಪೊದೇರ್ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಬಿಸಿ ಪೊಯಿ ಬ್ರೆಡ್ ತರುತ್ತಾನೆ. ಸಂಜೆ ಸುಮ್ನೆ ಕೂತು ಡೊಂಬಿವಲಿಯನ್ನು ನೆನೆಯುವ ಬದಲು ಒಡ್ಡಿನ ಮೇಲೆ ನಡೆದು ಬಾ. ಆ ಗದ್ದೆಗಳು ಸಾಮಾನ್ಯ ಗದ್ದೆಗಳಲ್ಲ, ಹೊಳೆಯ ಉಪ್ಪುನೀರಿನಿಂದ ಒಡ್ಡು ಕಟ್ಟಿ ಬಿಡಿಸಿಕೊಂಡ ಭೂಮಿ, ಅವರು ಖಾಜನ್ ಅನ್ನುತ್ತಾರೆ. ಮಾನಸ್ ಎಂಬ ಹಲಗೆ ಬಾಗಿಲು ಉಬ್ಬರಕ್ಕೆ ತಾನಾಗಿ ಮುಚ್ಚಿ, ಇಳಿತಕ್ಕೆ ತೆರೆದು ಒಳಗಿನ ನೀರನ್ನು ಹೊರಗೆ ಬಿಡುತ್ತದೆ. ನಮ್ಮೂರಿನ ಗಜನಿ ಗದ್ದೆಯೂ ಹೀಗೇ. ಅಲ್ಲಿ ಕೊರ್ಗುಟ್ ಬೆಳೆಯುತ್ತಾರೆ, ನಾವು ಕಗ್ಗ ಬೆಳೆಯುತ್ತಿದ್ದೆವು, ಎರಡೂ ಉಪ್ಪು ತಡೆಯುವ ಭತ್ತ. ನಿನ್ನ ಅಜ್ಜಿ ಮೊಣಕಾಲು ಕೆಸರಿನಲ್ಲಿ ನಿಂತು ಅದನ್ನು ಕೊಯ್ದವಳು. ನಿನಗೆ ಆ ಊರು ಪೂರ್ತಿ ಪರಕೀಯ ಅಲ್ಲ ಸುಮಾ, ನಡುವೆ ಒಂದು ತಲೆಮಾರು ತಪ್ಪಿದೆ.

ಇನ್ನೊಂದು. ಫೆರಿ ತಪ್ಪಿದಾಗಲೆಲ್ಲ ನೀನು "ಏನ್ ಕರ್ಮವೋ" ಅನ್ನುತ್ತೀಯ. ನಾನಿದ್ದಾಗ ನೋಡಿದ್ದೇನೆ, ಪುಟ್ಟಿ ಆಗ ಹೊಳೆ ನೋಡುವುದಿಲ್ಲ, ನಿನ್ನ ಮುಖ ನೋಡುತ್ತಾಳೆ. ಯಾವುದು ಕಷ್ಟ, ಯಾವುದು ಸುಖ ಎಂದು ಅವಳು ಕಲಿಯುತ್ತಿರುವುದು ಅಲ್ಲಿಂದಲೇ. ಅವಳ ಎದುರು ಸುಳ್ಳು ಸಂತೋಷ ತೋರಿಸು ಎನ್ನುವುದಿಲ್ಲ, ಮಕ್ಕಳಿಗೆ ಅದು ತಿಳಿದುಬಿಡುತ್ತದೆ. ನಿನಗೆ ಬೇಜಾರಾದರೆ "ಅಮ್ಮನಿಗೆ ಇದು ಹೊಸದು" ಎಂದು ಹೇಳು. ಅದು ನಿಜವೂ ಹೌದು, ಅವಳ ಪಾಲಿನ ಹೊಳೆ ಅವಳಿಗೇ ಉಳಿಯುತ್ತದೆ. ಮುಂದೆ ಅವಳು ರಜೆಯಲ್ಲಿ ಡೊಂಬಿವಲಿಗೆ ಬಂದು ಲೋಕಲ್ ನೋಡಿ ಹೆದರಿ ಅತ್ತರೆ, ಆಗ ನೀನು ನಗಬೇಡ.

ಅಳಿಯಂದಿರಿಗೆ ಕೋರ್ಲಿ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಇದೆಯೆಂದೆಯಲ್ಲ, ಉಬ್ಬಸ ಹತೋಟಿಗೆ ಬರುವವರೆಗೆ ಅದನ್ನು ಬದಲಾಯಿಸಿಕೊಳ್ಳಲು ಆಗುತ್ತದೆಯೇ ಕೇಳು. ಮನೆಯ ಕರಾರು ಯಾವ ತಿಂಗಳಿಗೆ ಮುಗಿಯುತ್ತದೆ ತಿಳಿಸು. ದೀಪಾವಳಿ ಕಳೆದ ಮೇಲೆ ನಾನು ಬರುತ್ತೇನೆ, ಕರ್ಮಳಿ ಸ್ಟೇಷನ್ನಿಗೆ ಯಾರೂ ಬರುವುದು ಬೇಡ, ಅಲ್ಲಿಂದ ಧಕ್ಕೆ ನನಗೆ ಗೊತ್ತು. ಆದರೆ ಡಾಕ್ಟರ್ ಏನಂದರು ಎನ್ನುವುದನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಬೇಡ, ತೋರಿಸಿದ ದಿನವೇ ಫೋನ್ ಮಾಡು.

ಇಂತು ನಿನ್ನ
ಅತ್ತೆ