ಸೈಲೆನ್ಸರ್ ವಿಷಯವಾಗಿ ಕೆಂಚನಿಗೊಂದು ಪತ್ರ

ಲೋ ಕೆಂಚ,

ಫೋನಲ್ಲಿ ಹೇಳಿದ್ರೆ ಮೊದಲು ನಗ್ತೀಯ, ಆಮೇಲೆ ಬೈತೀಯ. ಅದಕ್ಕೇ ಎಲ್ಲರೆದುರಿಗೆ ಬರೀತಿದೀನಿ. ನಾಲ್ಕು ಜನ ನೋಡ್ತಿದ್ರೆ ನಿನ್ನ ಬಾಯಿ ಹಿಡಿತದಲ್ಲಿರುತ್ತೆ ಅನ್ನೋದು ನರಸೀಪುರದ ಡಾಕ್ಟರ್ ವಿಷಯದಲ್ಲೇ ಗೊತ್ತಾಗಿದೆ. ಬೇರೆಯವರು ಡಾಕ್ಟರ್ ಯಾರು ಅಂತ ಕೇಳಬೇಡಿ, ಅವರಿನ್ನೂ ಪ್ರಾಕ್ಟೀಸ್ ಮಾಡ್ತಿದಾರೆ.

ವಿಷಯ ಇಷ್ಟೇ. ನನ್ನ ರಾಯಲ್ ಎನ್‌ಫೀಲ್ಡ್ ಬೈಕ್ ಇಂಟರ್‌ಸೆಪ್ಟರ್‌ಗೆ ಸೈಲೆನ್ಸರ್ ಬದಲಾಯಿಸಬೇಕು ಅಂತ ತಲೆಗೆ ಹೊಕ್ಕಿದೆ. ಎರಡೂ ಪಕ್ಕಕ್ಕೆ ಸ್ಲಿಪ್-ಆನ್, ಅಂದ್ರೆ ಪೈಪಿನ ಕೊನೆಗೆ ಸಿಗಿಸೋ ಸೈಲೆನ್ಸರ್, ಜೊತೆಗೆ ಟ್ಯೂನಿಂಗ್. ಬನ್ನಿಮಂಟಪದ ಕಡೆ ಒಬ್ಬರು ಭಾಯ್ ಇದಾರೆ, ರೇಟು ಹೇಳಿದಾರೆ. ರೇಟು ಇಲ್ಲಿ ಬರೆಯಲ್ಲ, ನನ್ನ ಭಾವಮೈದ ಇದನ್ನೆಲ್ಲ ಓದ್ತಾನೆ. ಭಾಯ್ ನಂಬರ್ ಯಾರು ಕೊಟ್ರು ಅನ್ನೋದೇ ಒಂದು ಕಥೆ, ಅದು ಆಮೇಲೆ.

ಪೈಪು ಬದಲಾಯಿಸೋಕೆ ಟ್ಯೂನಿಂಗ್ ಯಾಕೆ ಅಂತ ನೀನು ಕೇಳ್ತೀಯ. ನಿಮ್ಮಪ್ಪ ಇದ್ದಿದ್ರೆ ಕೇಳ್ತಿರಲಿಲ್ಲ. ಯಾದವಗಿರಿಯ ಜಾವಾ ಫ್ಯಾಕ್ಟರಿಗೆ 1996ರಲ್ಲಿ ಬೀಗ ಬೀಳೋವರೆಗೂ ಅಲ್ಲೇ ಇದ್ದವರು. ಯೆಜ್ಡಿಯ ಸೈಲೆನ್ಸರ್ ಬಿಚ್ಚಿ ಹಿತ್ತಲಲ್ಲಿ ಬೆಂಕಿ ಹಾಕಿ ಕಾರ್ಬನ್ ಸುಡ್ತಾ, "ಟೂ ಸ್ಟ್ರೋಕಲ್ಲಿ ಅರ್ಧ ಎಂಜಿನ್ ಇಲ್ಲೇ ಇರೋದು ಕಣ್ರೋ" ಅಂತಿದ್ರಲ್ಲ. ನಾವಾಗ ಪಾಠಕ್ಕಿಂತ ಹೊಗೆ ನೋಡ್ತಾ ನಿಂತಿದ್ವಿ. ಹೊರಗೆ ಹೊರಟ ಒತ್ತಡದ ಅಲೆ ಸೈಲೆನ್ಸರ್ ಒಳಗಿಂದ ವಾಪಸ್ ಬಂದು, ಸಿಲಿಂಡರ್‌ನಿಂದ ಜಾರ್ತಿರೋ ಹೊಸ ಪೆಟ್ರೋಲನ್ನ ಒಳಕ್ಕೇ ತಳ್ಳಬೇಕಂತೆ. ಅದರ ಅಳತೆ ಕೆಟ್ರೆ ಪವರ್ ಹೋಯ್ತು.

ನಂದು ಫೋರ್ ಸ್ಟ್ರೋಕು, ಅದರಲ್ಲೂ ಇಂಜೆಕ್ಷನ್, ಪೆಟ್ರೋಲನ್ನ ಇಸಿಯು ಅನ್ನೋ ಕಂಪ್ಯೂಟರ್ ಅಳೆದು ಬಿಡುತ್ತೆ. ಇದರ ಲೆಕ್ಕ ಬೇರೆ. ಒಂದೇ ಸ್ಪೀಡಲ್ಲಿ ನಿಧಾನವಾಗಿ ಹೋಗ್ತಿದ್ರೆ ಎಕ್ಸಾಸ್ಟಲ್ಲಿರೋ ಆಕ್ಸಿಜನ್ ಸೆನ್ಸರ್ ಹೊಗೆ ಮೂಸಿ, ಪೆಟ್ರೋಲ್ ಜಾಸ್ತಿಯಾಯ್ತು ಕಮ್ಮಿಯಾಯ್ತು ಅಂತ ಇಸಿಯುಗೆ ಚಾಡಿ ಹೇಳ್ತಿರುತ್ತೆ, ಅದು ಸರಿ ಮಾಡ್ಕೊಳ್ಳುತ್ತೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಮಾತ್ರ ಆ ಚಾಡಿ ನಡೆಯಲ್ಲ. ಆಗ ಕಂಪನಿಯವರು ಬರೆದಿಟ್ಟ ಮ್ಯಾಪ್ ಅನ್ನೋ ಪಟ್ಟಿ ನೋಡಿ ಪೆಟ್ರೋಲ್ ಬಿಡುತ್ತೆ, ಆ ಮ್ಯಾಪ್ ಇರೋದು ಹಳೇ ಸೈಲೆನ್ಸರಿನ ಅಳತೆಗೆ. ಹೊಸದು ಹೊಗೆಯನ್ನ ಸಲೀಸಾಗಿ ಬಿಟ್ಟುಬಿಟ್ರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಲೀನ್ ಓಡುತ್ತೆ, ಎಂಜಿನ್ ಕಾಯುತ್ತೆ, ಥ್ರಾಟಲ್ ಬಿಟ್ಟಾಗ ಪಟಪಟ ಅನ್ನುತ್ತೆ. "ಆ ಪಟಪಟಕ್ಕೇ ಹುಡುಗರು ದುಡ್ಡು ಕೊಡೋದು ಸಾರ್" ಅಂದ್ರು ಭಾಯ್. ಅದನ್ನ ಸರಿ ಮಾಡೋಕೆ ಇಸಿಯುಗೂ ಇಂಜೆಕ್ಟರ್‌ಗೂ ನಡುವೆ ಒಂದು ಡಬ್ಬಿ ಕೂರಿಸಬಹುದು, ಇಲ್ಲ ಇಸಿಯು ಒಳಗಿನ ಮ್ಯಾಪನ್ನೇ ಅಳಿಸಿ ಬೇರೆ ಬರೀಬಹುದು. ಡಬ್ಬಿಯಾದ್ರೆ ಸರ್ವೀಸಿಗೆ ಬಿಡೋ ಹಿಂದಿನ ದಿನ ಕಿತ್ತಿಟ್ಟುಕೊಳ್ಳಬಹುದು ಅನ್ನೋದು ಅದರ ಹೆಗ್ಗಳಿಕೆ.

ಸೈಲೆನ್ಸರಿನ ಬಾಯಲ್ಲಿ ಡಿಬಿ ಕಿಲ್ಲರ್ ಅಂತ ಒಂದು ಕೊಳವೆ ಬರುತ್ತೆ. ಅದಿದ್ರೆ ಸದ್ದು ಮರ್ಯಾದಸ್ಥ, ತೆಗೆದ್ರೆ ಇಲ್ಲ. "ಚೆಕಿಂಗ್ ಇರೋ ರೋಡಲ್ಲಿ ಹಾಕ್ಕೊಳ್ಳಿ, ದಾಟಿದ ಮೇಲೆ ತೆಗೀರಿ, ಒಂದು ಅಲೆನ್ ಕೀ ಸಾಕು" ಅಂದ್ರು. ಹಾಕಿದಾಗ ಒಂದು ಹರಿವು, ತೆಗೆದಾಗ ಇನ್ನೊಂದು, ಹಾಗಾದ್ರೆ ಟ್ಯೂನ್ ಮಾಡೋದು ಯಾವುದಕ್ಕೆ ಅಂತ ಕೇಳಿದೆ. ಭಾಯ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ನೀವು ಮೇಷ್ಟ್ರಾ ಸಾರ್?" ಅಂದ್ರು.

ಲಾಭ ಕೇಳು. ಕಂಪನಿ ಕೊಟ್ಟಿರೋದು 47 ಕುದುರೆ. ಇಷ್ಟೆಲ್ಲ ಮಾಡಿಸಿದ್ರೆ ಒಂದೆರಡು ಹೆಚ್ಚಾಗಬಹುದು, ಭಾಯ್ ಕೂಡ ಅದಕ್ಕಿಂತ ಜಾಸ್ತಿ ಆಸೆ ತೋರಿಸಲಿಲ್ಲ. ಬೈಕಿನ ತೂಕ ಕೆಲವು ಕೆಜಿ ಇಳಿಯುತ್ತೆ, ನನ್ನದಲ್ಲ. ಆ ಹೆಚ್ಚಿನ ಕುದುರೆಗಳನ್ನ ಎಲ್ಲಿ ಓಡಿಸ್ತೀಯ ಹೇಳು? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತೋಕೆ 2023ರ ಆಗಸ್ಟ್ 1ರಿಂದ ನಮಗೆ ಅನುಮತಿಯಿಲ್ಲ. ಆಟೋ, ಟ್ರ್ಯಾಕ್ಟರ್, ಬೈಕು, ಎಲ್ಲ ಒಂದೇ ಜಾತಿ, ಸರ್ವೀಸ್ ರೋಡು. ಸೀಸನ್ನಲ್ಲಿ ಮಂಡ್ಯ ಕಡೆ ಹೋದ್ರೆ ಕಬ್ಬು ಹೊತ್ತ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಲ್ಲಿ 47 ಕುದುರೆಯೂ ತಲೆ ತಗ್ಗಿಸಿಕೊಂಡು ಹೋಗ್ತವೆ.

ಸರಿ, ಪವರ್ ಸುಳ್ಳು. ಸದ್ದು ಬೇಕು ಅಷ್ಟೆ. ಈ ಎಂಜಿನ್ನಿನ ಕ್ರ್ಯಾಂಕ್ 270 ಡಿಗ್ರಿಯದು, ಎರಡು ಸಿಲಿಂಡರ್ ಸಮ ಅಂತರದಲ್ಲಿ ಸಿಡಿಯಲ್ಲ, ಒಂದು ಬೇಗ ಒಂದು ತಡ. ಒಳಗೆ ಚೆಂದದ ತಾಳ ಇದೆ, ಅದನ್ನ ಕಂಪನಿಯ ಸೈಲೆನ್ಸರ್ ಕಂಬಳಿ ಹೊದಿಸಿ ಮಲಗಿಸಿದೆ.

ಈಗ ನಂಬರ್ ಕಥೆ. ನಮ್ಮ ಕುವೆಂಪುನಗರದ ಬೀದಿ ಕೊನೇ ಮನೆಯಲ್ಲಿ ಒಬ್ಬ ಹುಡುಗ ಇದಾನೆ, ಇಂಜಿನಿಯರಿಂಗ್. ರಾತ್ರಿ ಹನ್ನೊಂದರ ಹೊತ್ತಿಗೆ ಬೈಕ್ ತೆಗೀತಿದ್ದ. ಕಿಟಕಿ ಗಾಜು ಅಲ್ಲಾಡೋದು. ಬೀದಿಯವರೆಲ್ಲ ಸೇರಿ ಠಾಣೆಗೆ ಅರ್ಜಿ ಕೊಡೋದು ಅಂತಾಯ್ತು. ಬರೆದದ್ದು ಯಾರು ಅಂತೀಯ? "ನಿಮ್ಮ ಕನ್ನಡ ಚೆನ್ನಾಗಿದೆ, ನೀವೇ ಬರೀರಿ" ಅಂದ್ರು, ಉಬ್ಬಿಹೋದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ ಅಂತ ಬರೆದೆ. 175 ಸಿಸಿ ಮೀರಿದ ಬೈಕಿಗೂ ತಯಾರಾಗೋ ಹಂತದಲ್ಲಿ 80 ಡೆಸಿಬೆಲ್ ದಾಟೋ ಹಾಗಿಲ್ಲ ಅಂತ ಬರೆದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ನು, 2019ರ ತಿದ್ದುಪಡಿ ಆದ ಮೇಲೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಲೈಸೆನ್ಸಿಗೂ ಕುತ್ತು, ಎಲ್ಲ ಸೇರಿಸಿದೆ. ಅಂದ್ರೆ ನನ್ನ ಮೇಲೆ ಯಾವ ಕೇಸು ಬೀಳುತ್ತೆ ಅಂತ ಈ ಮೈಸೂರಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ.

ಪೊಲೀಸರು ಬಂದ್ರು, ಹುಡುಗನ ಸೈಲೆನ್ಸರ್ ಕಿತ್ಕೊಂಡು ಹೋದ್ರು. ರೋಡ್ ರೋಲರ್ ಕೆಳಗೆ ಸಾಲಾಗಿ ಮಲಗಿಸಿ ಅಪ್ಪಚ್ಚಿ ಮಾಡೋ ವಿಡಿಯೋ ಬರ್ತವಲ್ಲ, ಅಂಥದ್ದರಲ್ಲಿ ಅವನದೂ ಒಂದು ಇತ್ತೋ ಏನೋ. ಪಾಪ, ಅರ್ಜಿ ಬರೆದದ್ದು ನಾನು ಅಂತ ಅವನಿಗೆ ಗೊತ್ತಿಲ್ಲ. ಮೊನ್ನೆ ಗೇಟಿನ ಹತ್ರ ನಿಂತು ನನ್ನ ಬೈಕು ಸುತ್ತು ಹಾಕಿ ನೋಡಿ, "ಅಂಕಲ್, ಇಂಥ ಎಂಜಿನ್ ಇಟ್ಕೊಂಡು ಸ್ಟಾಕ್ ಸೈಲೆನ್ಸರಾ? ನನಗೊಬ್ರು ಭಾಯ್ ಗೊತ್ತು" ಅಂದ.

ನಗು, ಪರವಾಗಿಲ್ಲ.

ಆದ್ರೆ ಒಂದು ವಿಷಯ. ಅರ್ಜಿಯಲ್ಲಿ "ಸದ್ದಿಗೆ ನಿದ್ದೆ ಕೆಡುತ್ತಿದೆ" ಅಂತ ಬರೆದಿದ್ದೆ. ನಿದ್ದೆ ಎಲ್ಲಿತ್ತು ಕೆಡೋಕೆ? ಎದ್ದೇ ಇರ್ತಿದ್ದೆ. ಅವನು ಸ್ಟಾರ್ಟ್ ಮಾಡೋದು, ಕಾಂಪ್ಲೆಕ್ಸ್ ಹತ್ರ ತಿರುಗೋದು, ಮೂರನೇ ಗೇರಿಗೆ ಹಾಕೋದು, ರಿಂಗ್ ರೋಡ್ ಕಡೆ ಸದ್ದು ತೆಳ್ಳಗಾಗೋದು, ಎಲ್ಲ ಕಿವಿಗೊಟ್ಟು ಕೇಳ್ತಾ ಮಲಗಿರ್ತಿದ್ದೆ. ಸಿಟ್ಟು ಬರ್ತಿತ್ತು, ನಿಜ. ಆ ಸಿಟ್ಟು ಸದ್ದಿನ ಮೇಲಲ್ಲ ಕಣೋ. ರಾತ್ರಿ ಹನ್ನೊಂದಕ್ಕೆ ಇವನಿಗೆ ಹೋಗೋಕೊಂದು ಜಾಗ ಇದೆಯಲ್ಲ, ಅಲ್ಲಿ ಯಾರೋ ಕಾಯ್ತಿರ್ತಾರಲ್ಲ, ಅದಕ್ಕೆ. ಈಗ ಬೀದಿ ತಣ್ಣಗಿದೆ. ಹನ್ನೊಂದಾಗುತ್ತೆ, ನಾನು ಕಾಯ್ತೀನಿ, ಏನೂ ಕೇಳಿಸಲ್ಲ.

ನೀನು ಪುಣೆಗೆ ಹೋಗೋ ಮುಂಚೆ ಒಂದು ಮಿಸ್ ಕಾಲ್ ಸಾಕಾಗ್ತಿತ್ತು. ಎಲ್ಲಿಗೆ, ಯಾಕೆ ಅಂತ ಒಬ್ಬರೂ ಕೇಳ್ತಿರಲಿಲ್ಲ. ಮದ್ದೂರಲ್ಲಿ ಟೀ ಕುಡಿದು ವಾಪಸ್ ಬರೋದು, ಅಷ್ಟೇ. ಈಗ ಇಲ್ಲಿ ಸ್ನೇಹಿತರಿಲ್ಲ ಅಂತಲ್ಲ. ಎಲ್ಲರೂ "ಒಂದಿನ ಫ್ಯಾಮಿಲಿ ಜೊತೆ ಬನ್ನಿ" ಅಂತಾರೆ. ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ ಅಂತ ಮನೇಲಿ ಹೇಳಿ ಕೆಲವು ಸಲ ಶ್ರೀರಂಗಪಟ್ಟಣದವರೆಗೂ ಹೋಗಿ, ಹೊಳೆ ಹತ್ರ ಬೈಕ್ ನಿಲ್ಲಿಸಿ, ಫೋನ್ ತೆಗೆದು ನಿನ್ನ ಹೆಸರು ನೋಡಿ, ಇಷ್ಟೊತ್ತಿಗೆ ಮಲಗಿರ್ತಾನೆ ಅಂತ ಜೇಬಿಗೆ ಹಾಕ್ಕೊಂಡು ಬಂದಿದೀನಿ. ವಾಪಸ್ ಬಂದಾಗ ಮನೇಲಿ ಯಾರೂ ಎದ್ದಿರಲ್ಲ. ಅಷ್ಟು ಮೆತ್ತಗೆ ಬರುತ್ತೆ ಈ ದರಿದ್ರ ಬೈಕು. ಒಂದು ಸಲವಾದ್ರೂ ಯಾರಾದ್ರೂ ದೀಪ ಹಾಕಿ "ಎಲ್ಲಿಗೆ ಹೋಗಿದ್ರಿ ಇಷ್ಟೊತ್ತಲ್ಲಿ" ಅಂತ ಬೈಬೇಕಲ್ವಾ?

ಥೂ, ಎಲ್ಲಿಂದ ಎಲ್ಲಿಗೆ ಬಂದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸೋಕೆ ಶುರು ಮಾಡಿದ ಮೇಲೆ ಬರೆಯೋ ಪತ್ರಕ್ಕೂ ಅದರ ವಾಸನೆ ಹತ್ತಿದೆ. ಭಾವಮೈದಾ, ಮೇಲಿನ ಪ್ಯಾರಾ ಕಾಲ್ಪನಿಕ, ಅಕ್ಕನಿಗೆ ತೋರಿಸ್ಬೇಡ.

ಭಾಯ್‌ಗೆ ದಸರಾ ಆದ ಮೇಲೆ ಹಾಕಿಸ್ತೀನಿ ಅಂದಿದೀನಿ. "ಯಾವ ವರ್ಷದ ದಸರಾ ಸಾರ್?" ಅಂತ ಕೇಳಿದ್ರು, ಮನುಷ್ಯರನ್ನ ಬಲ್ಲವರು. ಇತ್ತ ಬೀದಿಯವರು ಇನ್ನೊಂದು ಅರ್ಜಿ ಬರೆದುಕೊಡಿ ಅಂತ ಬಂದಿದ್ರು, ಈ ಸಲ ನಾಯಿಗಳ ಮೇಲೆ. ಅದೂ ಬಾಕಿ ಇದೆ.

ನೀನು ಬರೋದಾದ್ರೆ ಮೊದಲೇ ಹೇಳು. ನಿನ್ನ ಹೆಲ್ಮೆಟ್ಟಲ್ಲಿ ಅಮ್ಮ ಬೆಳ್ಳುಳ್ಳಿ ಇಟ್ಟಿದಾರೆ, ತೊಳೆದು ಬಿಸಿಲಿಗಿಡಬೇಕು.

ನಿನ್ನ
ಅಂಕಲ್ (ಬೀದಿ ಲೆಕ್ಕದಲ್ಲಿ)