ಕ್ಯಾಮೆರಾ ಕೀಳಿ ಎನ್ನುವ ಮೊದಲು ನಿಯಮ 167ಎ ಓದೋಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ನಾಲ್ಕೈದು ಮಂದಿ ಯುವಕರು ಸಹಿ ಸಂಗ್ರಹದ ಹಾಳೆ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಿದ್ದರು. ಹೆದ್ದಾರಿಗೆ ಸೇರುವ ನಮ್ಮ ಜಂಕ್ಷನ್ನಿನಲ್ಲಿ ಅಳವಡಿಸಿರುವ ಸ್ವಯಂಚಾಲಿತ ಸಂಚಾರ ಕ್ಯಾಮೆರಾವನ್ನು ಕೂಡಲೇ ತೆರವುಗೊಳಿಸಬೇಕು ಎಂಬ ಒಂದೇ ಸಾಲಿನ ಬೇಡಿಕೆ. ಅದರ ಕೆಳಗೆ ಹೆಸರು, ಮನೆ, ಸಹಿ ಎಂದು ಮೂರು ಕಲಂ. ಅಷ್ಟರಲ್ಲಾಗಲೇ ಎರಡು ಹಾಳೆ ತುಂಬಿದ್ದವು. "ಪೋಸ್ಟಣ್ಣ, ನಿಮಗೂ ಚಲನ್ ಬಂದಿತ್ತಲ್ಲ, ನೀವೇ ಮೊದಲು ಹಾಕಬೇಕಿತ್ತು" ಎಂದು ಒಬ್ಬ ಪೆನ್ನು ಮುಂದೆ ಹಿಡಿದ. ಚಲನ್ ಬಂದದ್ದು ನಿಜ, ಅದೂ ಮಾಡದ ತಪ್ಪಿಗೆ. ಆದರೂ ನಾನು ಸಹಿ ಹಾಕಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ಪಕ್ಕದ ಮನೆಗೆ ಹೋದರು. ಗೇಟಿನ ಬಳಿ ನಿಂತು ಐದು ನಿಮಿಷದಲ್ಲಿ ಹೇಳಲಾಗದ ಕಾರಣವನ್ನು ತಮ್ಮ ಪತ್ರಿಕೆಯ ಮೂಲಕ ಹೇಳಲು ಅವಕಾಶ ಕೋರುತ್ತೇನೆ.

ಮೊದಲು ನನ್ನ ಚಲನ್ನಿನ ವಿಷಯ. ಕಳೆದ ಮಳೆಗಾಲದ ಒಂದು ಸಂಜೆ ಮೊಬೈಲಿಗೆ ಸಂದೇಶ ಬಂತು: ಘಟ್ಟದ ಮೇಲಿನ ಒಂದು ನಗರದಲ್ಲಿ ಹಿಂಬದಿ ಸವಾರ ಹೆಲ್ಮೆಟ್ ಧರಿಸಿರಲಿಲ್ಲವಾದ್ದರಿಂದ 500 ರೂಪಾಯಿ ದಂಡ ಕಟ್ಟಬೇಕು ಎಂದು. ನನ್ನ ಸ್ಕೂಟರ್ ಶಿರಾಡಿ ಘಾಟಿಯನ್ನು ಕಂಡದ್ದೇ ಇಲ್ಲ. ಕೊಂಡಿ ಒತ್ತಿ ನೋಡಿದರೆ ಚಿತ್ರದಲ್ಲಿದ್ದದ್ದು ಕಪ್ಪು ಬಣ್ಣದ ಮೋಟಾರು ಬೈಕು, ಮೇಲೆ ಇಬ್ಬರು ಹುಡುಗರು. ನನ್ನದು ಒಂಬತ್ತು ವರ್ಷ ಹಳೆಯ ಬೂದು ಬಣ್ಣದ ಸ್ಕೂಟರ್. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಾಗ ಗುಟ್ಟು ತಿಳಿಯಿತು. ಆ ಬೈಕಿನ ನಂಬರ್ ಪ್ಲೇಟಿನಲ್ಲಿ 8 ಎಂಬ ಅಂಕಿಯ ಎಡಭಾಗಕ್ಕೆ ಕೆಸರು ಮೆತ್ತಿಕೊಂಡು ಅದು 3 ಆಗಿತ್ತು, ನನ್ನ ನಂಬರಿನಲ್ಲಿ ಅದೇ ಜಾಗದಲ್ಲಿ 3 ಇದೆ. ಯಂತ್ರ ಕೆಸರನ್ನು ಓದಿತು. ಅದು ಅದರ ದೋಷವಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಬೈಕಿಗೂ ಸ್ಕೂಟರಿಗೂ ಇರುವ ವ್ಯತ್ಯಾಸ ಒಂದನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಚಲನ್ ಹೊರಡುವ ಮುನ್ನ ಒಬ್ಬ ಮನುಷ್ಯ ಒಂದು ಕ್ಷಣ ಆ ಚಿತ್ರದ ಮೇಲೆ ಕಣ್ಣಾಡಿಸಿದ್ದರೆ ಸಾಕಿತ್ತು. ಆ ಚಲನ್ ರದ್ದಾಗಲು ಮೂರು ತಿಂಗಳು ಹಿಡಿಯಿತು. ಬಸ್ಸಿನ ಖರ್ಚು, ಜೆರಾಕ್ಸ್ ಖರ್ಚು ಸೇರಿಸಿದರೆ ದಂಡ ಕಟ್ಟಿಬಿಡುವುದೇ ಅಗ್ಗವಾಗುತ್ತಿತ್ತು. ಬಹಳಷ್ಟು ಮಂದಿ ಹಾಗೆಯೇ ಕಟ್ಟಿ ಸುಮ್ಮನಾಗುತ್ತಾರೆ.

ನಾನು ಮೂವತ್ತನಾಲ್ಕು ವರ್ಷ ಅಂಚೆ ಬಟವಾಡೆ ಮಾಡಿದವನು. ವಿಳಾಸ ಅಸ್ಪಷ್ಟವಾಗಿದ್ದ ಕಾಗದವನ್ನು ಅಂದಾಜಿನ ಮೇಲೆ ಯಾರದೋ ಮನೆಗೆ ಹಾಕಿ ಬರುವ ಅಧಿಕಾರ ನಮಗಿರಲಿಲ್ಲ. ವಿಚಾರಿಸಬೇಕು, ಸಿಗದಿದ್ದರೆ ಷರಾ ಬರೆದು ಹಿಂದಿರುಗಿಸಬೇಕು. ತಪ್ಪಿದರೆ ಮೆಮೊ ಖಚಿತ. ಹತ್ತು ಪೈಸೆಯ ಕಾರ್ಡಿಗೆ ಇದ್ದ ಈ ಎಚ್ಚರ ಐನೂರು ರೂಪಾಯಿಯ ದಂಡಕ್ಕೆ ಇರಬೇಡವೇ?

ಇಷ್ಟಾಗಿಯೂ ನಾನು ಸಹಿ ಹಾಕದಿರಲು ಕಾರಣ ಅದೇ ಬಟವಾಡೆಯ ವರ್ಷಗಳು. ನನ್ನ ಬೀಟಿನಲ್ಲಿದ್ದ ಎರಡು ಮನೆಗಳಿಗೆ, ಹೆದ್ದಾರಿ ದಾಟುವಾಗ ತೀರಿಕೊಂಡವರ ವಿಮೆಯ ಕಾಗದವನ್ನು ನಾನೇ ಕೊಂಡೊಯ್ದಿದ್ದೇನೆ. ಸಹಿ ಹಾಕಿಸಿಕೊಳ್ಳುವಾಗ ಎದುರಿಗಿದ್ದವರ ಮುಖ ನೋಡಲು ಆಗಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಸಾವುಗಳಿಗೆ ಅತಿವೇಗ ಕಾರಣ. ಸುರತ್ಕಲ್ಲಿನಿಂದ ತಲಪಾಡಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ಸಲ ದ್ವಿಚಕ್ರ ವಾಹನದಲ್ಲಿ ಹೋಗಿ ಬಂದವರಿಗೆ, ಟೈಮಿಂಗಿಗಾಗಿ ಒಂದನ್ನೊಂದು ಹಿಂದಿಕ್ಕುವ ಬಸ್ಸುಗಳ ನಡುವೆ ಸಿಕ್ಕಿದವರಿಗೆ, ವೇಗವನ್ನು ಯಾರಾದರೂ ಹಿಡಿದು ನಿಲ್ಲಿಸಲಿ ಎಂದು ಅನ್ನಿಸದೆ ಇರಲಾರದು. ಎಲ್ಲ ಜಂಕ್ಷನ್ನಿಗೂ ಮಳೆಯಲ್ಲಿ ಪೊಲೀಸರನ್ನು ನಿಲ್ಲಿಸಲಾಗದು. ಕ್ಯಾಮೆರಾ ಲಂಚ ಕೇಳುವುದಿಲ್ಲ, ಪರಿಚಯದವರನ್ನು ಬಿಟ್ಟುಬಿಡುವುದಿಲ್ಲ, ಅಡ್ಡಗಟ್ಟಿ ಕೀ ಕಿತ್ತುಕೊಳ್ಳುವುದೂ ಇಲ್ಲ. ಅಷ್ಟರ ಮಟ್ಟಿಗೆ ಅದು ಬಡ ಸವಾರನಿಗೂ ಒಳ್ಳೆಯದೇ.

ಹಾಗಾದರೆ ತಕರಾರು ಎಲ್ಲಿ? ಕ್ಯಾಮೆರಾಕ್ಕೂ ಒಂದು ಕಾನೂನು ಇದೆ, ಅದನ್ನು ಯಾರೂ ಕೇಳುತ್ತಿಲ್ಲ ಎಂಬುದೇ ನನ್ನ ತಕರಾರು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 136ಎ ಎಂಬ ಕಲಂ ಸೇರಿತು. ಅದರ ಆಧಾರದ ಮೇಲೆ 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಬಂತು. ಅದರ ಪ್ರಕಾರ ಪ್ರತಿಯೊಂದು ಉಪಕರಣಕ್ಕೂ, ಅದು ಕಂಬದ ಮೇಲಿನ ಕ್ಯಾಮೆರಾವಿರಲಿ, ಸ್ಪೀಡ್ ಗನ್ ಇರಲಿ, ಪೊಲೀಸರ ಎದೆಯ ಮೇಲಿನ ಕ್ಯಾಮೆರಾವಿರಲಿ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದಿಂದ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಪ್ರಮಾಣಪತ್ರ ಇರಬೇಕು ಮತ್ತು ಅದನ್ನು ವರ್ಷ ವರ್ಷವೂ ನವೀಕರಿಸಬೇಕು. ಮುಂದಿನ ರಸ್ತೆ ಕ್ಯಾಮೆರಾ ನಿಗಾದಲ್ಲಿದೆ ಎಂಬ ಎಚ್ಚರಿಕೆ ಫಲಕ ಎಲ್ಲರಿಗೂ ಕಾಣುವಂತೆ ಮೊದಲೇ ಇರಬೇಕು. ತಪ್ಪು ನಡೆದ ದಿನದಿಂದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಚಲನ್ನಿನ ಜೊತೆಗೆ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ಉಪಕರಣ ದಾಖಲಿಸಿದ ಅಳತೆ, ದಿನ, ಹೊತ್ತು, ಸ್ಥಳ, ಉಲ್ಲಂಘನೆಯಾದ ಕಲಂ ಇವೆಲ್ಲ ಇರಬೇಕು. ಕೊನೆಯದಾಗಿ, ಅಧಿಕಾರ ಪಡೆದ ಅಧಿಕಾರಿಯ ಸಹಿಯುಳ್ಳ ಸಾಕ್ಷ್ಯ ಪ್ರಮಾಣಪತ್ರವೂ ಇರಬೇಕು. ಈ ಕೊನೆಯ ಅಂಶವನ್ನು ನಾನು ಮತ್ತೆ ಮತ್ತೆ ಓದಿದೆ. ಸಹಿ ಎಂದರೆ ನೋಡಿ ಹಾಕುವುದು. ನೋಡಿ ಹಾಕಿದ್ದರೆ ನನ್ನ ಸ್ಕೂಟರು ಬೈಕಾಗುತ್ತಿರಲಿಲ್ಲ. 2024ರ ಸೆಪ್ಟೆಂಬರ್ 2ರಂದು ಸುಪ್ರೀಂ ಕೋರ್ಟ್ ಈ ಕಲಂ ಮತ್ತು ನಿಯಮ ಎರಡನ್ನೂ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಜಾರಿ ಎಂದರೆ ಕಂಬ ನೆಡುವುದು ಮಾತ್ರ ಎಂದು ತಿಳಿಯುವ ಹಾಗಿಲ್ಲ.

ನಮ್ಮ ಜಂಕ್ಷನ್ನಿಗೇ ಬರೋಣ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಇಲ್ಲಿನ ಸ್ಟಾಪ್ ಲೈನು ತೊಳೆದುಹೋಗುತ್ತದೆ. ಆಟಿ (ತುಳುವರ ಆಷಾಢ) ತಿಂಗಳ ಹೊತ್ತಿಗೆ ಜೀಬ್ರಾ ಪಟ್ಟಿಯ ಬಿಳಿ ಬಣ್ಣ ಅಲ್ಲೊಂದು ಇಲ್ಲೊಂದು ತುಣುಕಾಗಿ, ಹೊಂಡಗಳ ನಡುವೆ ಕೋಳಿ ಹಿಕ್ಕೆಯಂತೆ ಉಳಿದಿರುತ್ತದೆ. ಮತ್ತೆ ಬಣ್ಣ ಬಳಿಯುವುದು ದೀಪಾವಳಿ ಕಳೆದು, ಯಾರಾದರೂ ಮಂತ್ರಿ ಬರುವ ಸುದ್ದಿ ಇದ್ದರೆ ಸ್ವಲ್ಪ ಬೇಗ. ಆ ಐದು ತಿಂಗಳು ಗೆರೆ ಎಲ್ಲಿದೆ ಎಂದು ಕ್ಯಾಮೆರಾಕ್ಕೆ ಮಾತ್ರ ಗೊತ್ತು, ಸವಾರನಿಗೆ ಗೊತ್ತಿಲ್ಲ. ಕಳೆದ ಜುಲೈಯಲ್ಲಿ ನಾನು ಕೊಡೆ ಹಿಡಿದು ಅರ್ಧ ಗಂಟೆ ಅಲ್ಲಿ ನಿಂತು ನೋಡಿದೆ. ಕೆಂಪು ದೀಪ ಬಿದ್ದಾಗ ಪ್ರತಿ ಸಲವೂ ಮುಂದಿನ ಸಾಲಿನ ವಾಹನಗಳು ಬೇರೆ ಬೇರೆ ಕಡೆ ನಿಂತವು. ಒಬ್ಬ ರಿಕ್ಷಾ ಚಾಲಕರು ತಲೆ ಹೊರಗೆ ಹಾಕಿ ನೆಲ ನೋಡಿ, ಗೆರೆ ಕಾಣದೆ, ಪಕ್ಕದ ಕಾರಿನ ಚಕ್ರಕ್ಕೆ ಸಮನಾಗಿ ಒಂದು ಗೇಣು ಹಿಂದೆ ಸರಿಸಿಕೊಂಡರು. ಅವರ ಆ ಪ್ರಾಮಾಣಿಕತೆಗೆ ಬೆಲೆ ಇರಬೇಕಾದರೆ ಮೊದಲು ನೆಲದ ಮೇಲೆ ಗೆರೆ ಇರಬೇಕು.

ವಿರುದ್ಧ ದಿಕ್ಕಿನ ಸಂಚಾರದ್ದೂ ಇದೇ ಪಾಡು. ತಪ್ಪು ತಪ್ಪೇ, ಜೀವಕ್ಕೆ ಎರವಾಗುವ ತಪ್ಪು. ಆದರೆ ರಸ್ತೆಯ ಆಚೆ ಬದಿಯ ಹಾಲಿನ ಡಿಪೋಕ್ಕೆ ಹೋಗಲು ಒಂದೂವರೆ ಕಿಲೋಮೀಟರು ಮುಂದೆ ಹೋಗಿ ತಿರುಗಿ ಬರಬೇಕಾದ ಕಡೆ, ಸರ್ವಿಸ್ ರಸ್ತೆ ಅರ್ಧಕ್ಕೇ ನಿಂತ ಕಡೆ, ಜನ ವಿರುದ್ಧ ದಿಕ್ಕಿನಲ್ಲೇ ಬರುತ್ತಾರೆ. ಅಂಥ ಜಾಗದ ಕ್ಯಾಮೆರಾ ದಿನಕ್ಕೆ ಎಷ್ಟು ಚಲನ್ ಕೊಟ್ಟಿತು ಎಂಬ ಲೆಕ್ಕ ಸವಾರರ ಅಶಿಸ್ತಿಗೆ ಎಷ್ಟು ಸಾಕ್ಷಿಯೋ ರಸ್ತೆ ಮಾಡಿದವರ ಅಶಿಸ್ತಿಗೂ ಅಷ್ಟೇ ಸಾಕ್ಷಿ. ಆ ಲೆಕ್ಕ ಹೆದ್ದಾರಿ ಪ್ರಾಧಿಕಾರದ ಮೇಜಿಗೂ ಹೋಗಬೇಕು.

ಹೊರದೇಶಗಳಲ್ಲಿ ಈ ಜಗಳ ನಮಗಿಂತ ಹಳೆಯದು. ಫ್ರಾನ್ಸಿನಲ್ಲಿ 2018ರ ಕೊನೆಯಲ್ಲಿ ಇಂಧನ ತೆರಿಗೆಯ ವಿರುದ್ಧ ಹಳದಿ ಅಂಗಿಯ ಚಳವಳಿ ಎದ್ದಾಗ ದೇಶದ ಅರ್ಧಕ್ಕಿಂತ ಹೆಚ್ಚು ವೇಗದ ಕ್ಯಾಮೆರಾಗಳನ್ನು ಜನ ಹಾಳುಗೆಡವಿದರು. ಅವನ್ನು ಮತ್ತೆ ನಿಲ್ಲಿಸಿದ್ದು ಅದೇ ಜನರ ತೆರಿಗೆ ಹಣದಲ್ಲಿ. ನಮ್ಮ ಹುಡುಗರಲ್ಲೂ ಒಬ್ಬ "ಒಂದು ಗೋಣಿ ಕಟ್ಟಿದರೆ ಆಯಿತಲ್ಲ" ಎಂದು ನಗುತ್ತಾ ಹೇಳಿದ. ತಮಾಷೆಗೇ ಇರಬಹುದು, ಆದರೆ ಕೇಸು ಬಿದ್ದರೆ ಪಾಸ್‌ಪೋರ್ಟ್ ಪರಿಶೀಲನೆಯ ಹೊತ್ತಿಗೆ ತಮಾಷೆ ಉಳಿಯುವುದಿಲ್ಲ. ಕೊಲ್ಲಿ ದೇಶಕ್ಕೆ ಹೋಗುವ ಕನಸಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 2010ರಲ್ಲಿ ಸಿಗ್ನಲ್ ಕ್ಯಾಮೆರಾ ಬೇಕೇ ಬೇಡವೇ ಎಂದು ಮತದಾನವೇ ನಡೆದು, ಬೇಡ ಎಂದವರು ಗೆದ್ದರು. ನನಗೆ ಹೆಚ್ಚು ಪಾಠವೆನಿಸಿದ್ದು ಶಿಕಾಗೊ. ಅಲ್ಲಿ ಹಳದಿ ದೀಪ ಕನಿಷ್ಠ 3 ಸೆಕೆಂಡು ಉರಿಯಬೇಕೆಂದು ನಿಯಮ, 2.9 ಸೆಕೆಂಡು ಉರಿದ ಕಡೆಯೂ ದಂಡ ಹಾಕಲಾಗುತ್ತಿದೆ ಎಂಬುದು 2014ರಲ್ಲಿ ತಪಾಸಣೆಯಿಂದ ಬಯಲಾಯಿತು. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಸುಮಾರು 77 ಸಾವಿರ ಹೆಚ್ಚುವರಿ ಚಲನ್! ಕ್ಯಾಮೆರಾ ಗುತ್ತಿಗೆಯಲ್ಲಿ ಲಂಚ ತಿಂದ ಅದೇ ನಗರದ ಮಾಜಿ ಅಧಿಕಾರಿಗೆ 2016ರಲ್ಲಿ ಜೈಲು ಶಿಕ್ಷೆಯೂ ಆಯಿತು. ಇದೆಲ್ಲ ಹೊರಬಿದ್ದದ್ದು ಯಾರೋ ಕುಳಿತು ಲೆಕ್ಕ ತೆಗೆದದ್ದರಿಂದ, ಕಂಬಕ್ಕೆ ಗೋಣಿ ಕಟ್ಟಿದ್ದರಿಂದಲ್ಲ.

ಅಷ್ಟು ದೂರ ಯಾಕೆ, ಸುರತ್ಕಲ್ ಟೋಲ್‌ಗೇಟನ್ನೇ ನೆನಪಿಸಿಕೊಳ್ಳಬಹುದು. ವರ್ಷಗಟ್ಟಲೆ ನಡೆದ ಆ ಹೋರಾಟದಲ್ಲಿ ಘೋಷಣೆ, ಧರಣಿ, ಬಂಧನ ಎಲ್ಲವೂ ಇತ್ತು. ಆದರೆ ಅದಕ್ಕೆ ಬೆನ್ನೆಲುಬಾದದ್ದು ಒಂದು ನಿಯಮ: ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ 60 ಕಿ.ಮೀ. ಅಂತರವಿರಬೇಕು ಎಂಬುದು. ಸುರತ್ಕಲ್ಲಿಗೂ ಇನ್ನೊಂದು ಟೋಲ್ ಇರುವ ಹೆಜಮಾಡಿಗೂ ನಡುವೆ ಅದರ ಮೂರನೇ ಒಂದು ಭಾಗವೂ ಇಲ್ಲ. ಆ ಮಾತಿಗೆ ಅಧಿಕಾರಿಗಳ ಬಳಿ ಉತ್ತರ ಇರಲಿಲ್ಲ. 2022ರ ಡಿಸೆಂಬರ್ 1ರಿಂದ ಸುರತ್ಕಲ್ಲಿನಲ್ಲಿ ಸುಂಕ ವಸೂಲಿ ನಿಂತಿತು. "ಟೋಲ್ ಬೇಡ" ಎಂದಷ್ಟೇ ಕೂಗಿದ್ದರೆ, ರಸ್ತೆ ಬೇಕು ದುಡ್ಡು ಬೇಡವೇ ಎಂದು ಕೇಳಿ ಕಳುಹಿಸುತ್ತಿದ್ದರು. "ಕ್ಯಾಮೆರಾ ತೆಗೆಯಿರಿ" ಎನ್ನುವ ನಮ್ಮ ಒಂದು ಸಾಲಿನ ಮನವಿಗೂ ಅಂಥದ್ದೇ ಉತ್ತರ ಸಿದ್ಧವಾಗಿದೆ: ನಿಮಗೆ ಹೆಲ್ಮೆಟ್ ಹಾಕಲು ಮನಸ್ಸಿಲ್ಲ, ಅದಕ್ಕೆ ಕ್ಯಾಮೆರಾ ಬೇಡ. ಹಾಳೆಯಲ್ಲಿ ಸಹಿ ಹಾಕಿದವರಲ್ಲಿ ಕೆಲವರ ವಿಷಯದಲ್ಲಿ ಅದು ನಿಜವೂ ಹೌದು ಎಂಬುದು ನನಗೆ ಗೊತ್ತು, ಅವರಿಗೂ ಗೊತ್ತು.

ದುಡ್ಡಿನ ಮಾತೂ ಸ್ವಲ್ಪ ಬೇಕು. ಬಾಕಿ ದಂಡಕ್ಕೆ ನೂರಕ್ಕೆ 50 ರಿಯಾಯಿತಿ ಎಂದು ನಮ್ಮ ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಘೋಷಿಸಿತು, 2025ರ ಆಗಸ್ಟ್ 23ರಿಂದ ಮತ್ತೊಮ್ಮೆ. ಸರಿಯಾದ ಹೊತ್ತಿಗೆ ಪೂರ್ತಿ ಕಟ್ಟಿದವನು ಇದನ್ನು ಕಂಡು ಏನು ತಿಳಿಯಬೇಕು? ಆಷಾಢದ ಸೀರೆ ಮಾರಾಟದಂತೆ ದಂಡಕ್ಕೂ ಕಾಯಬೇಕು ಎಂದೇ ತಾನೆ. ನೆರೆಯ ಕೇರಳ 2023ರ ಜೂನ್ 5ರಿಂದ 726 ಕ್ಯಾಮೆರಾಗಳ ಯೋಜನೆಯಡಿ ದಂಡ ಹಾಕಲು ತೊಡಗಿದಾಗ ಜಗಳ ಹೈಕೋರ್ಟಿಗೆ ಹೋದದ್ದು ಗುತ್ತಿಗೆಯ ಹಣದ ವಿಷಯಕ್ಕೆ. ಬ್ರಿಟನ್ನಿನಲ್ಲಿ ದಂಡದ ಹಣವನ್ನೇ ಕ್ಯಾಮೆರಾದ ಖರ್ಚಿಗೆ ಬಳಸುವ ಏರ್ಪಾಡು ಇತ್ತು. ಇದು ಸುರಕ್ಷತೆಯೋ ವಸೂಲಿಯೋ ಎಂಬ ಗುಮಾನಿ ಬೆಳೆದು 2007ರಲ್ಲಿ ಅದನ್ನು ಕೈಬಿಟ್ಟರು. ಕ್ಯಾಮೆರಾ ನಡೆಸುವವರಿಗೆ ತಿಂಗಳ ಲೆಕ್ಕದಲ್ಲಿ ಹಣವೋ, ಚಲನ್ನಿನ ಲೆಕ್ಕದಲ್ಲಿ ಹಣವೋ ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ಊರಿನ ಕರಾರಿನಲ್ಲಿ ಏನಿದೆ ಎಂದು ಕೇಳುವ ಹಕ್ಕು ನಮಗಿದೆ.

ಆದ್ದರಿಂದ ಯುವಕರಲ್ಲಿ ನನ್ನ ವಿನಂತಿ ಇಷ್ಟೆ. ಹಾಳೆಯ ಮೇಲಿನ ಆ ಸಾಲನ್ನು ಹೊಡೆದುಹಾಕಿ, ಕ್ಯಾಮೆರಾದ ಚಾಲ್ತಿ ಪ್ರಮಾಣಪತ್ರವನ್ನು ಜಂಕ್ಷನ್ನಿನಲ್ಲೇ ಪ್ರಕಟಿಸಿ, ಎಚ್ಚರಿಕೆ ಫಲಕ ಮತ್ತು ವೇಗಮಿತಿಯ ಫಲಕವನ್ನು ಕನ್ನಡದಲ್ಲಿ ದೊಡ್ಡದಾಗಿ ಹಾಕಿ, ಸ್ಟಾಪ್ ಲೈನು ಅಳಿಸಿಹೋದ ದಿನದಿಂದ ಮತ್ತೆ ಬಳಿಯುವವರೆಗೆ ಅದರ ಚಲನ್ ನಿಲ್ಲಿಸಿ, ತಪ್ಪು ಚಲನ್ನಿನ ದೂರನ್ನು ಇಲ್ಲೇ ಮಂಗಳೂರಿನಲ್ಲೇ ಕೇಳುವ ಏರ್ಪಾಡು ಮಾಡಿ ಎಂದು ಬರೆಯಲಿ. ಇವೆಲ್ಲ ಆಗುವವರೆಗೆ ಆ ಕ್ಯಾಮೆರಾದಿಂದ ದಂಡ ಹಾಕಬೇಡಿ ಎಂಬ ಮಾತನ್ನೂ ಸೇರಿಸಲಿ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಬರಿದೆ ಉಪದೇಶ ಮಾಡಿದ ಎಂದಾಗಬಾರದು ಎಂದು ಸೋಮವಾರವೇ ಮಾಹಿತಿ ಹಕ್ಕು ಅರ್ಜಿಯೊಂದನ್ನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳುಹಿಸಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ಈ ಪತ್ರ ಬರೆದ ಕೈಗೆ ಅದು ಕಷ್ಟವೇ ಆಯಿತು. ಹಾಗಾಗಿ ಸದ್ಯಕ್ಕೆ ಪ್ರಮಾಣಪತ್ರದ ಪ್ರತಿಯನ್ನು ಮಾತ್ರ ಕೇಳಿದ್ದೇನೆ, ಕರಾರಿನ ವಿಷಯ ಮುಂದಿನ ಅರ್ಜಿಗೆ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಂದ ಉತ್ತರದ ಒಂದು ಪ್ರತಿಯನ್ನು ಯುವಕರಿಗೂ ಇನ್ನೊಂದನ್ನು ತಮ್ಮ ಕಚೇರಿಗೂ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಂಚೆ ನೌಕರ, ಮಂಗಳೂರು